ಹಸಿರು ನೀರಿನ ವಿಚಾರ

ದೇಚಕ್ಕ, ದುಡ್ಡು ಎಣಿಸಿಯಾಯಿತು, ಸರಿ ಇದೆ.
ಕೀಲಿ ಕೊಡುವ ಮೊದಲು ಒಂದು ಮಾತು,
ಆರ್‌ಸಿ ಪುಸ್ತಕದಲ್ಲಿ ಬರೆಯದ್ದು.

ಈ ವ್ಯಾನಿಗೆ ಎಂಜಿನ್ನು ಮುಂದಿಲ್ಲ, ನಮ್ಮ ಅಡಿಯಲ್ಲೇ.
ಜ್ವರ ಬಂದರೆ ಮೀಟರಿನ ಮುಳ್ಳು ಏಳುವ ಮೊದಲೇ
ಕೂತ ಜಾಗಕ್ಕೆ ಗೊತ್ತಾಗುತ್ತದೆ.
ಹನ್ನೊಂದು ವರ್ಷ ಹಾಗೆ ಕೂತೆ,
ಹಿಂದೆ ಐಸು, ಕೆಳಗೆ ಒಲೆ,
ನಡುವೆ ಬಂಗುಡೆ, ಮತ್ತಿ, ನಾನು.
ರಾತ್ರಿ ಮಾಕುಟ್ಟ ಇಳಿದು
ಬೆಳಕು ಹರಿಯುವುದರೊಳಗೆ ವಿರಾಜಪೇಟೆಗೆ ಹತ್ತಬೇಕು.
ಮೀನು ಕಾಯುವುದಿಲ್ಲ. ಗಿರಾಕಿ ಮೊದಲೇ ಕಾಯುವುದಿಲ್ಲ.

ಒಂದು ರಾತ್ರಿ ಘಾಟಿಯ ಮಧ್ಯೆ ಕುದಿಯಿತು.
ಹೊಳೆ ಕೇಳುತ್ತಿತ್ತು ಕೆಳಗೆ, ಕತ್ತಲಲ್ಲಿ ಇಳಿಯುವವರು ಯಾರು?
ರಸ್ತೆಯಲ್ಲಿ ಆನೆಯ ಲದ್ದಿ ಇನ್ನೂ ಹಬೆಯಾಡುತ್ತಿತ್ತು.
ತಡೆಯದೆ ಮುಚ್ಚಳ ತಿರುಗಿಸಿದೆ.
ಇಗೋ, ಮೊಣಕೈವರೆಗೆ ಈ ಕಲೆ,
ನೀವು ಹುಟ್ಟಿನದು ಅಂದುಕೊಂಡದ್ದು.
ಆಮೇಲೆ ಮೀನು ಪೆಟ್ಟಿಗೆಯಿಂದ ಬಸಿದ ಐಸು ನೀರನ್ನೇ
ಬಕೆಟಿನಲ್ಲಿ ಹಿಡಿದು ಹೊಯ್ದೆ.
ಹೆಡ್ಡು ಸೀಳದೆ ಉಳಿದದ್ದು ಉಮ್ಮನ ದುವಾ.

ವಾರ ಕಳೆದು ಪೌಲೋಸಣ್ಣ ಮುಚ್ಚಳ ತೆಗೆದವನು
ಮೂಗು ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದ.
‘ಇದು ರೇಡಿಯೇಟರಾ, ಮೀನು ಸಾರಿನ ಚಟ್ಟಿಯಾ?
ಒಂದು ಚೂರು ಹುಳಿ ಕಡಿಮೆಯಾಗಿದೆ ನೋಡು!’
ಉಪ್ಪು ಒಳಗಿಂದೊಳಗೇ ತಿಂದಿತ್ತು.
ರಿಪೇರಿಗೆ ಎರಡು ತಿಂಗಳ ಲಾಭ ಹೋಯಿತು.

ಹಾಗಾಗಿ ಹೇಳುತ್ತೇನೆ. ಬಣ್ಣ ನೋಡಿ ಕೊಳ್ಳಬೇಡಿ.
ಗೋಣಿಕೊಪ್ಪದ ಅಂಗಡಿಯವ ಹಸಿರು, ಕೆಂಪು, ನೀಲಿ
ಸೀರೆ ಹರಡಿದಂತೆ ಕೌಂಟರಿನ ಮೇಲಿಡುತ್ತಾನೆ.
ಬಣ್ಣ ಕಂಪನಿಯವರ ಖುಷಿ.
ಡಬ್ಬಿಯ ಬೆನ್ನಿನ ಸಣ್ಣ ಅಕ್ಷರ ಓದಿ,
ವ್ಯಾನಿನ ಪುಸ್ತಕದೊಂದಿಗೆ ತಾಳೆ ನೋಡಿ.
ಮೀನಿನ ಹುರುಪೆ ಅಂಟಿದ ಪುಟ ಇದೆಯಲ್ಲ, ಅದೇ.
ಒಂದರ ಮೇಲೆ ಇನ್ನೊಂದು ಜಾತಿಯದು ಹೊಯ್ದರೆ
ಜಗಳವಾಡಿ ಗಂಜಿ ಕಟ್ಟಬಹುದು.
ಗಟ್ಟಿಯದು ಕೊಂಡರೆ ಅರ್ಧಕ್ಕರ್ಧ ಬ್ಯಾಟರಿ ನೀರು,
ನಲ್ಲಿಯದಲ್ಲ, ಬಾವಿಯದಲ್ಲ.
ನಮ್ಮ ಬಾವಿ ನೀರಿನಲ್ಲಿ ಚಾ ಒಳ್ಳೆಯದಾಗುತ್ತದೆ, ಅಷ್ಟೇ.

ಇಲ್ಲಿ ಹಿಮ ಬೀಳುತ್ತದಾ, ಯಾಕೆ ಇದೆಲ್ಲ, ನಾನೂ ಕೇಳಿದ್ದೆ.
‘ತುಕ್ಕಿಗೆ ಹಿಮ ಯಾಕೆ?’ ಅಂದ ಪೌಲೋಸಣ್ಣ.

ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಮಾತ್ರ,
ಬಾಟ್ಲಿಯ ಎರಡು ಗೆರೆಗಳ ನಡುವೆ ಇದೆಯಾ ನೋಡಿ.
ಪದೇ ಪದೇ ಇಳಿದರೆ ತುಂಬಿಸುತ್ತ ಕೂರಬೇಡಿ,
ಎಲ್ಲಿ ಸೋರುತ್ತಿದೆ ಹುಡುಕಿ.

ಸೋರಿದ್ದು...
ಇದನ್ನು ಹೇಳುವುದು ಬೇಡ ಅಂತಿದ್ದೆ.

ಕುಟ್ಟದ ದಾರಿಯಲ್ಲಿ ಸಿಕ್ಕಿದ್ದಕ್ಕೆ ಕುಟ್ಟ ಅಂತಲೇ ಹೆಸರು.
ಮೀನಿನ ತಲೆಗೆ ಕಾದು ವ್ಯಾನಿನ ಅಡಿಯಲ್ಲೇ ಮಲಗುತ್ತಿದ್ದ.
ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಅಂತ
ಹಳೆಯದನ್ನು ನಾನೇ ಬೋಗುಣಿಗೆ ಬಸಿದು
ಅಸರ್ ನಮಾಜಿಗೆ ಹೋದೆ.
ಸಿಹಿ ಇರುತ್ತದಂತೆ ಅದು. ಯಾರೂ ಹೇಳಿರಲಿಲ್ಲ.
ಬರುವಾಗ ಕುಡುಕನಂತೆ ತೂರಾಡುತ್ತಿದ್ದ.
ಮಕ್ಕಳು ನಕ್ಕವು. ನಾನೂ ನಕ್ಕೆ.
ಮೂರನೇ ದಿನ ಮೂಗಿನ ಮುಂದೆ
ಇಡೀ ಬಂಗುಡೆ ಇಟ್ಟೆ, ತಲೆಯಲ್ಲ, ಇಡೀ.
ಏಳಲಿಲ್ಲ.

ನಿಮ್ಮ ಗೇಟಿನಲ್ಲಿ ಎರಡು ನಾಯಿ ನೋಡಿದೆ.
ಬಸಿದದ್ದನ್ನು ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು
ಪೌಲೋಸಣ್ಣನಿಗೆ ಕೊಡಿ. ನೆಲಕ್ಕೆ ಬಿದ್ದದ್ದನ್ನು
ನೀರು ಹಾಕಿ ಹಾಕಿ ತೊಳೆಯಿರಿ.

ಮತ್ತೆ, ನಿಮ್ಮ ಮೆಣಸಿನ ಬಳ್ಳಿಯ ಸಸಿಗಳು
ಒಂದು ವರ್ಷವಾದರೂ ಮತ್ತಿ ವಾಸನೆ ಹೊಡೆದಾವು.
ಕೊಳ್ಳುವವರಿಗೆ ಗೊಬ್ಬರ ಅಂತ ಹೇಳಿ.

ಹಿಡಿಯಿರಿ ಕೀಲಿ.
ಸೀಟು ಬಿಸಿಯಾದರೆ ಪಕ್ಕಕ್ಕೆ ಹಾಕಿ ಇಳಿದುಬಿಡಿ,
ಅರ್ಧ ಗಂಟೆ, ಬೇಕಾದರೆ ಒಂದು ಗಂಟೆ.
ಸಸಿಗಳು ಕಾಯುತ್ತವೆ, ದೇಚಕ್ಕ.
ಅದೊಂದು ನಿಮ್ಮ ಪುಣ್ಯ.