ನಡಾವಳಿಗೆ ಬಾರದ್ದು

ಶೆಫೀಲ್ಡ್, ನವೆಂಬರ್, ಐವತ್ತನಾಲ್ಕು.
ಮೆಥಡಿಸ್ಟ್ ಸಭಾಂಗಣದಲ್ಲಿ ಪ್ಯಾರಫಿನ್ ಒಲೆಯ ವಾಸನೆ,
ಹನ್ನೊಂದು ಕುರ್ಚಿ, ಒಂದಕ್ಕೆ ಕುಂಟುಗಾಲು.
ನಾನು ಈನಿಡ್ ಗಾರ್ತ್‌ವೇಟ್, ಬೆರಳಚ್ಚುಗಾರ್ತಿ,
ಸಂಜೆಗೆ ಮೂರೂವರೆ ಶಿಲ್ಲಿಂಗ್.
ಅವರು ಆಡಿದ್ದನ್ನು ಬರೆದೆ.
ಕೆಮ್ಮಿದ್ದನ್ನು ಬರೆಯಲಿಲ್ಲ.

ಮೇಜಿನ ಮೇಲೆ ಜಪ್ತಿಯಾದ ಕಾಮಿಕ್ಸ್, ನಲವತ್ತಾರು,
ಶಾಲೆಯ ಚೀಲಗಳಿಂದ ಕಿತ್ತವು.
ಒಂದರ ಮುಖಪುಟಕ್ಕೆ ಜಾಮ್ ಮೆತ್ತಿತ್ತು.
ಇನ್ನೊಂದರ ಅಂಚಿನಲ್ಲಿ ಯಾವನೋ ಪೆನ್ಸಿಲ್ಲಿನಿಂದ
ಭಾಗಾಕಾರ ಮಾಡಿ, ಅರ್ಧಕ್ಕೇ ಬಿಟ್ಟಿದ್ದ.

ಪಾದ್ರಿ ಪೆಲ್ಯೂ, ಮೇಷ್ಟ್ರು ಆಕ್ಲಿ:
ಎತ್ತು ಏರಿಗೆ, ಕೋಣ ನೀರಿಗೆ ಎಳೆಯುತ್ತಿದ್ದವರು
ಅಂದು ಒಂದೇ ನೊಗಕ್ಕೆ ಹೆಗಲು ಕೊಟ್ಟು
ಒಂದೇ ಕೆಟಲಿನ ಚಹಾ ಕುಡಿಯುತ್ತಿದ್ದರು.
ಹಿಂದೊಮ್ಮೆ, ಶಾಂತಿಯ ಸಹಿಪತ್ರ ಹಿಡಿದು ಹೋದ
ಇದೇ ಮೇಷ್ಟ್ರ ಮುಖಕ್ಕೆ
ಇದೇ ಪಾದ್ರಿ ಬಾಗಿಲು ಹಾಕಿದ್ದರು.

ಮೇಷ್ಟ್ರ ಕೋಟಿನ ಒಳಜೇಬಿನಲ್ಲಿ ಪಕ್ಷದ ಕಾರ್ಡು.
ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲಿಲ್ಲ.
ಮೊದಲ ಕರಡಿನಲ್ಲಿ ‘ಅಮೆರಿಕದ ಕಾಮಿಕ್ಸ್’ ಎಂದಿತ್ತು.
ಆಮೇಲೆ ಬಳಿಗೆ ಬಂದು, ಮೆಲ್ಲಗೆ:
“ಮಿಸ್ ಗಾರ್ತ್‌ವೇಟ್, ಆ ಪದ ಹೊಡೆದುಬಿಡಿ,
‘ಭೀಕರ’ ಅಂತ ಹಾಕಿ.
ದೇಶ ಅಂದರೆ ಅರ್ಧ ಊರು ಬರುತ್ತದೆ,
ಮಕ್ಕಳು ಅಂದರೆ ಇಡೀ ಊರು.”
ಅಮೆರಿಕದ ಮೇಲೆ ಸಾಲಾಗಿ ಎಕ್ಸ್ ಕುಟ್ಟಿದೆ.
ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತದೆ.

(ಅಂದಹಾಗೆ ಕೊನೆಯ ಪುಟದ ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ
‘ಲೆಸ್ಟರಿನಲ್ಲಿ ಅಚ್ಚಾದದ್ದು’ ಎಂದಿತ್ತು.
ಅಂಥದ್ದನ್ನು ಓದುವುದು ನನ್ನ ಕಸುಬಿನ ಚಟ.)

ಮುದ್ರಕ ಹಾರೊಕ್ಸ್ ಐದು ಗಿನಿ ದೇಣಿಗೆ ಕೊಟ್ಟರು;
ಅವರ ಮಕ್ಕಳ ವಾರಪತ್ರಿಕೆ, ಹಗ್ಗದ ಗಂಟು, ಮೊಲ ಸಾಕಣೆ,
ಅಂಗಡಿಗಳಲ್ಲಿ ಹಳದಿಗಟ್ಟುತ್ತಿತ್ತು.
ಕೌನ್ಸಿಲರ್ ಶ್ರೀಮತಿ ಥ್ರೆಲ್‌ಫಾಲ್‌ಗೆ ಮೇ ತಿಂಗಳಲ್ಲಿ ಚುನಾವಣೆ.
ಹೊಸ ಬಡಾವಣೆಯ ಹುಡುಗರು ಕಲ್ಲು ತೂರುವುದೇಕೆ ಎಂದಾಗ
ಆಕೆ ಕಟ್ಟಿನತ್ತ ಬೆರಳು ತೋರಿದರು.
ಎಂಥ ನೇರ ಬೆರಳು!
ಆ ಬಡಾವಣೆಯ ಚರಂಡಿಯತ್ತ
ಅದು ಒಮ್ಮೆಯೂ ಬಾಗಿದ್ದಿಲ್ಲ.

‘ಮಕ್ಕಳು’ ಎಂಬ ಪದ ಅಂದು ಮೂವತ್ತೊಂದು ಸಲ.
ಬಾಗಿಲಿಗೆ ಬಂದ ಮಗು ಒಂದೇ,
ಮೂಗು ಸೋರುವ ಹುಡುಗ:
“ಅದ್ರಲ್ಲೊಂದು ನಂದು, ವಾಪಸ್ ಕೊಡ್ತೀರಾ?”
ಪಾದ್ರಿ ಅವನ ಕೈಗೊಂದು ಬಿಸ್ಕತ್ತು ಇಟ್ಟು
ಬಾಗಿಲು ಹಾಕಿದರು.
ಇದೂ ನಡಾವಳಿಯಲ್ಲಿಲ್ಲ.

ಕಟ್ಟಿನ ಮೇಲಿನದನ್ನು ಮೇಷ್ಟ್ರು ಎತ್ತಿ ಹಿಡಿದರು:
“ಯುದ್ಧದ ಹುಚ್ಚು ಹಿಡಿಸುವ ವಿಷ!”
ಅದನ್ನು ನಾನು ಓದಿದ್ದೆ.
ನನ್ನ ತಮ್ಮ ವಿಲ್ಫ್, ಕೊರಿಯಾದಲ್ಲಿ
ಮೂರು ಕಾಲ್ಬೆರಳು ಹಿಮಕ್ಕೆ ಕೊಟ್ಟು ಬಂದವನು,
ಅಡುಗೆಮನೆಯಲ್ಲಿ ನಾಲ್ಕನೆಯ ಪುಟ ಬಿಚ್ಚಿ ಕೂತಿದ್ದ:
ನದಿಯಲ್ಲಿ ತೇಲುವ ಒಂದು ಹೆಣ,
ಯಾವ ಕಡೆಯದೆಂದು ನದಿ ಕೇಳುವುದಿಲ್ಲ.
“ಇದು ಸುಳ್ಳು ಹೇಳಿಲ್ಲ” ಎಂದಿದ್ದ.
ಅಷ್ಟೇ; ಹಿಂದೆಯೂ, ಮುಂದೆಯೂ, ಯುದ್ಧದ ಬಗ್ಗೆ
ಅವನು ಆಡಿದ್ದು ಅಷ್ಟೇ.

ಆ ಯುದ್ಧ ಬೇಡವೆಂದು ಮನೆಮನೆ ಅಲೆದವರು ಮೇಷ್ಟ್ರು.
ನಾಲ್ಕನೆಯ ಪುಟ ತಿರುವಲಿಲ್ಲ.
ನಾನು ಹೇಳಬಹುದಿತ್ತು.
ಬೆರಳಚ್ಚುಗಾರ್ತಿಗೆ ಮತವಿಲ್ಲ, ನಿಜ.
ಆದರೆ ಮೇಷ್ಟ್ರ ಕೈಬರಹ ದುಂಡಗಿತ್ತು,
ಸಭೆ ಮುಗಿದ ಮೇಲೆ ಟ್ರಾಮಿನವರೆಗೆ
ನನ್ನ ಪಕ್ಕ ನಡೆದು ಬರುತ್ತಿದ್ದರು.
ಎಲ್ಲರಿಗೂ ಒಂದೊಂದು ಉದ್ದೇಶವಿತ್ತಲ್ಲ,
ಬರೆದುಕೊಳ್ಳಿ, ನನಗೂ ಇತ್ತು.

ಠರಾವು ಸರ್ವಾನುಮತ.
ಬೆಳಿಗ್ಗೆ ಜವಾನ ಶಾಲೆಯ ಬಾಯ್ಲರಿಗೆ ಹಾಕುತ್ತಾನೆಂದು
ಎಲ್ಲರೂ ಕೋಟು ತೊಟ್ಟರು.
ನಾನು ಯಂತ್ರಕ್ಕೆ ಮುಚ್ಚಳ ಹಾಕಿ,
ಒಂದನ್ನೂ ಕದಿಯಲಿಲ್ಲ, ಉಳಿಸಲಿಲ್ಲ.
ಆ ಭಾಗಾಕಾರ ಮಾತ್ರ ಕಣ್ಣಿಗೆ ಚುಚ್ಚುತ್ತಿತ್ತು.
ಪೆನ್ಸಿಲ್ ತೆಗೆದು, ಅವನು ಬರೆಯಲು ಮರೆತದ್ದನ್ನು ಬರೆದೆ:
ಶೇಷ, ಮೂರು.
ಮತ್ತೆ ಕಟ್ಟಿನಲ್ಲೇ ಇಟ್ಟೆ.