ಮಾರಾಟಕ್ಕಿಲ್ಲ

ಕರೆಂಟು ಹೋದದ್ದು ರಾತ್ರಿ ಒಂದೂವರೆಗೆ.
ಗೊತ್ತಾದದ್ದು ಫ್ರೀಜರಿನ ಗೊರಕೆ ನಿಂತಾಗ.
ಎರಡು ವರ್ಷ ಅದರ ಪಕ್ಕದಲ್ಲೇ ಓದಿ, ತೂಕಡಿಸಿ,
ಗಂಡನ ಉಸಿರಿಗೆ ಒಗ್ಗಿದ ಹಾಗೆ ಒಗ್ಗಿದ್ದೆ.

ಇಬಾದಾನಿನಲ್ಲಿ ಇದೇನು ಹೊಸದಲ್ಲ.
ಡೀಸೆಲ್ ಇದ್ದ ದಿನ ಜನರೇಟರ್ ಕೆಟ್ಟಿರುತ್ತದೆ,
ಜನರೇಟರ್ ನೆಟ್ಟಗಿದ್ದ ದಿನ ಡೀಸೆಲ್ ಇಲ್ಲ,
ಕಡಲೆಗೂ ಹಲ್ಲಿಗೂ ಇರುವ ಹಳೇ ಜಗಳ.
ಕೆಂಪು ಅಂಕಿ ಮಾತ್ರ ಏರುತ್ತಿತ್ತು:
ಮೈನಸ್ ಎಪ್ಪತ್ತೊಂದು. ಮೈನಸ್ ಅರವತ್ತು.
ಓಸಾಗಿಯೆ ಅಂದ: "ಬಾಗಿಲು ತೆಗೀಬೇಡ, ಪ್ರಾರ್ಥನೆ ಮಾಡು."
ಪ್ರಾರ್ಥನೆಗೆ ಉಷ್ಣ ಇಳಿದದ್ದನ್ನು
ಯಾವ ಪತ್ರಿಕೆಯೂ ಈವರೆಗೆ ಅಚ್ಚು ಹಾಕಿಲ್ಲ.

ಒಳಗೆ ನಲವತ್ತೆರಡು ಕೊಳವೆ,
ಒಂದೊಂದರಲ್ಲೂ ಕಣ್ಣಹನಿಯಷ್ಟು ನೀರು,
ನೀರಿನಲ್ಲಿ, ಮರಗೆಣಸಿನ ಎಲೆಯಿಂದ ನಾನು ಬಿಡಿಸಿಕೊಂಡ ಕಿಣ್ವ.
ಬಿಡಿಸುವುದೆಂದರೆ ಹೇಗೆ ಹೇಳಲಿ,
ಸಂತೆಯಲ್ಲಿ ಒಬ್ಬನನ್ನು ಹುಡುಕಲು
ಮೊದಲು ಗಿಡ್ಡರನ್ನು ಕಳಿಸಿ, ಆಮೇಲೆ ದಪ್ಪನೆಯವರನ್ನು,
ಆಮೇಲೆ ಉಪ್ಪಿಗೆ ಹೆದರುವವರನ್ನು ಕಳಿಸಿ
ಕೊನೆಗೆ ಉಳಿದವನ ಗಲ್ಲ ಹಿಡಿದು ಕೇಳುವುದು: ನೀನೇನಾ?
ಎರಡು ಸಲ ಅಲ್ಲ ಅಂದಿತ್ತು.
ಮೂರನೆಯ ಸಲ ದ್ರಾವಣ ಹಳದಿಗೆ ತಿರುಗಿತು.
ಆ ಹಳದಿಯನ್ನು ಯಾರಿಗೂ ತೋರಿಸದೆ ಒಂದು ಗಂಟೆ ಕೂತಿದ್ದೆ.

ಗೆಣಸಿನೊಳಗೆ ವಿಷ
ಸಕ್ಕರೆಯ ಹೆಗಲಿಗೆ ಒರಗಿ ಮಲಗಿರುತ್ತದೆ,
ಕಿಣ್ವ ಗೋಡೆಯಾಚೆ ಕಾಯುತ್ತಿರುತ್ತದೆ.
ತುರಿದರೆ ಗೋಡೆ ಬಿದ್ದು ಭೇಟಿ;
ಎಚ್ಚೆತ್ತ ವಿಷ ನಮ್ಮೂರ ಬಿಸಿಲಿಗೆ ಹಾರಿಹೋಗುತ್ತದೆ.
ಹಾರದೆ ಒಳಗೆ ಇಳಿದರೆ
ಉಸಿರಿನ ಸರಪಳಿಯ ಕೊನೆಯ ಕೊಂಡಿಗೆ ಬೀಗ:
ರಕ್ತದ ತುಂಬ ಆಮ್ಲಜನಕ, ಕೊಳ್ಳುವವರಿಲ್ಲ.
ಡಾಕ್ಟರ್ ಫಾಲೆಯಿ ಇದನ್ನು ಬೋರ್ಡಿನ ಮೇಲೆ ಬರೆದ ದಿನ
ನಾನು ನೋಟ್ಸ್ ತೆಗೆದುಕೊಳ್ಳಲಿಲ್ಲ.
ಕಾಲಡಿಯ ನೆಲ ನಂಬದವನಂತೆ ನಡೆಯುತ್ತಿದ್ದ ನನ್ನಜ್ಜ.
ಕುಡುಕ ಅನ್ನುತ್ತಿದ್ದರು.
ಕುಡಿಯುತ್ತಿರಲಿಲ್ಲ.

ಐದಕ್ಕೆ ನೆನಪಾದಳು ಬೋಡಿಜಾ ಮಾರುಕಟ್ಟೆಯ ಇಯಾ ಸಿಕಿರಾ.
ಅವಳ ಜನರೇಟರ್ ನಿಲ್ಲುವುದೇ ಇಲ್ಲ;
ಮೀನು ಹಳಸಿದರೆ ಬೈಯಲು ಬರುವವರು
ಪರೀಕ್ಷಕರಲ್ಲ, ಗಿರಾಕಿಗಳು.
ಥರ್ಮಾಕೋಲ್ ಡಬ್ಬಿ ಎದೆಗವಚಿ ಬೈಕಿನ ಹಿಂದೆ ಕೂತೆ.
"ಕೂಸಾ?" ಅಂದ ಬೈಕಿನವನು.
"ಹೂಂ. ಗುಂಡಿ ತಪ್ಪಿಸು."

ಇಯಾ ಸಿಕಿರಾ ಮುಚ್ಚಳ ಎತ್ತಿ ನೋಡಿದಳು.
"ಏನಿದು?"
"ಮರಗೆಣಸಿನ ವಿಷ ಬಿಡಿಸುವಂಥದ್ದು."
"ಮೂರು ದಿನ ನೆನೆಹಾಕಿದರೆ ತಾನೇ ಬಿಡುತ್ತಲ್ಲ?"
"ಹೌದು."
"ಮತ್ತೆ ನಿನ್ನದೆಷ್ಟು ದಿನ?"
"ನಾಲ್ಕು ವರ್ಷ."
ಅವಳು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.
ಬಂಗುಡೆಯ ಎರಡು ಪೆಟ್ಟಿಗೆ ಸರಿಸಿ ಜಾಗ ಮಾಡಿದಳು,
ಡಬ್ಬಿಯ ಮೇಲೆ ಇದ್ದಿಲಲ್ಲಿ ಬರೆದಳು: ಮಾರಾಟಕ್ಕಿಲ್ಲ.
ಬಾಡಿಗೆ ದುಡ್ಡಲ್ಲ,
ಮಗಳಿಗೆ ಭಾನುವಾರ ಕೆಮಿಸ್ಟ್ರಿ ಪಾಠ.

ನಾಲ್ಕು ದಿನಕ್ಕೆ ಕರೆಂಟು ಬಂತು.
ಅಳೆದೆ. ನೂರರಲ್ಲಿ ಅರವತ್ತೊಂದು ಪಾಲು ಜೀವ ಉಳಿದಿತ್ತು.
ಉಳಿದ ಮೂವತ್ತೊಂಬತ್ತು ಎಲ್ಲಿಗೂ ಹೋಗಿಲ್ಲ, ಅದೇ ಕೊಳವೆಯಲ್ಲಿದೆ,
ಮಡಿಕೆ ಬಿಚ್ಚಿಹೋದ ಸೀರೆಯಂತೆ,
ಬಟ್ಟೆ ಅದೇ, ಉಡಲು ಬರುವುದಿಲ್ಲ.
"ಶೇಖರಣೆ: ಮೈನಸ್ ಹದಿನೆಂಟು," ಬರೆಸಿದರು ಡಾಕ್ಟರ್ ಫಾಲೆಯಿ.
"ಎಲ್ಲಿ ಅಂತ?"
ಅವರು ಕೊಳವೆ ಮೂಸಿ, ಕನ್ನಡಕ ತೆಗೆದು ಒರೆಸಿಕೊಂಡರು.
"ಬೇಡ."

ಭಾನುವಾರ ಸಿಕಿರಾಳಿಗೆ ಮೋಲ್ ಹೇಳಿಕೊಟ್ಟೆ,
ಆರರ ಮುಂದೆ ಇಪ್ಪತ್ತಮೂರು ಸೊನ್ನೆ.
"ಯಾರು ಕೂತು ಎಣಿಸಿದರು ಇದನ್ನ?"
"ಯಾರೂ ಎಣಿಸೋದಿಲ್ಲ ಮಗು. ತೂಗುತ್ತೇವೆ."
ಅವಳು ಅಂಗಡಿಯ ಮುಂದಕ್ಕೆ ಕಣ್ಣು ಹಾಯಿಸಿ
ದನಿ ತಗ್ಗಿಸಿದಳು:
"ಅಮ್ಮನ ಹಾಗಾ? ತಕ್ಕಡಿಗೆ ಹೆಬ್ಬೆರಳು ಒತ್ತಿ?"