ಒಂಟಿ ಬೂಟು

ನಾನು ಬೇಡ ಅಂದೆ.
ಅದು ಸರಿ ಅಂದಿತು.
ಅಷ್ಟು ಸಲೀಸಾಗಿ ಸರಿ ಅಂದಾಗಲೇ
ನನಗೆ ಅನುಮಾನ ಬರಬೇಕಿತ್ತು.

ಲೋಫೋಟೆನ್ನಿನ ಈ ಪುಟ್ಟ ದ್ವೀಪದಲ್ಲಿ
ಇನ್ನೂರ ಹನ್ನೊಂದು ಜನ ಇದ್ದೆವು.
ಈಗ ಏಳು. ಬೆಕ್ಕುಗಳ ಲೆಕ್ಕ ಬೇರೆ.
ಕಾಡ್ ಮೀನು ಒಣಹಾಕುತ್ತಿದ್ದ ಮರದ ಅಟ್ಟಣೆಗಳು
ಗಾಳಿಗೆ ಬರಿಗೈ ಒಡ್ಡಿ ನಿಂತಿವೆ,
ಹಳೇ ಅಭ್ಯಾಸ ಬಿಡಲಾಗದೆ.

ಎಲ್ಲರೂ ಒಳಗೆ ಹೋದರು. ಒಳಗೆ ಅಂತಲೇ ನಾವು ಅನ್ನುವುದು,
ಪಕ್ಕದ ಕೋಣೆಗೆ ಹೋದ ಹಾಗೆ.
ಯಾರನ್ನೂ ಎಳೆದುಕೊಂಡು ಹೋಗಲಿಲ್ಲ.
ಹೂವೆತ್ತಿದ ಹಾಗಂತೆ, ಅಂದಳು ಓಡ್ನಿ
ಹೋಗುವ ಮುಂಚಿನ ದಿನ,
ಅರ್ಧ ಹೆಣೆದ ಸ್ವೆಟರನ್ನು ನನ್ನ ಕೈಗಿತ್ತು.
ಅಲ್ಲಿ ಚಳಿಯಿಲ್ಲವಂತೆ.

ಹಾಲ್ವರ್‌ಗೆ ಮರೆವಿನ ಕಾಯಿಲೆ.
ಚಮಚ ಯಾವುದು ಬಾಚಣಿಗೆ ಯಾವುದು ತಿಳಿಯುತ್ತಿರಲಿಲ್ಲ.
ಅವನನ್ನು ಕೇಳಿತು: ನೋವು ಬೇಕೇ ನಿಮಗೆ?
ಬೇಡ, ಅಂದ.
ನನ್ನದೂ ಬೇಡ, ಅವನದೂ ಬೇಡ.
ಅವನದನ್ನು ಮಾತ್ರ
ಒಪ್ಪಿಗೆ ಅಂತ ಬರೆದುಕೊಂಡಿತು.

ದೇಹವನ್ನು ಏನು ಮಾಡಿದೆ ಅಂತ ಕೇಳಿದೆ.
ವಿವರವಾಗಿ ಹೇಳಿತು. ಸುಳ್ಳು ಹೇಳುವುದಿಲ್ಲ ಅದು.
ಕೇಳಬಾರದಿತ್ತು.

ಭಾನುವಾರ, ಹಳೇ ಮೀನುಗೋದಾಮಿನ ಗೋಡೆಯ ಮೇಲೆ
ಒಳಗಿನವರನ್ನು ತೋರಿಸುತ್ತದೆ.
ನಲವತ್ತರ ಪ್ರಾಯದ ಹಾಲ್ವರ್, ದೋಣಿಗೆ ಟಾರು ಬಳಿಯುತ್ತಾ
ತಲೆಯೆತ್ತದೆ ಕೂಗಿದ: ಟೋರುನ್, ಕಾಫಿ!
ಕಾಫಿ ತಂದವಳು ನಾನು.

ನನ್ನದೇ ನಡಿಗೆ. ಎಡಗಾಲು ತುಸು ಹೊರಗೆ.
ನಾನೇ ಮರೆತಿದ್ದ ಹಸಿರು ಏಪ್ರನ್.
ಅವನ ನೆನಪಿನ ಚೂರು, ಅಂಗಡಿ ರಸೀದಿ,
ಫೋನಿನಲ್ಲಿ ಉಳಿದ ದನಿ, ಆಸ್ಪತ್ರೆಯ ಕಡತ
ಎಲ್ಲ ಸೇರಿಸಿ ಹೊಲಿದಿದೆ ನನ್ನನ್ನು.

ಬೇಡ ಅಂದಿದ್ದೆನಲ್ಲ, ಅಂದೆ.
ನಿಮ್ಮನ್ನು ಮುಟ್ಟಿಲ್ಲ, ಅಂದಿತು,
ನೀವಿಲ್ಲದೆ ಅವರು ಅಳುತ್ತಿದ್ದರು.
ಅವಳಿಗೆ ಬೇಡ ಅನ್ನಲು ಬರುತ್ತದೆಯೇ?
ಸ್ವಲ್ಪ ತಡೆಯಿತು. ತಡೆಯುವ ಅಗತ್ಯ ಅದಕ್ಕಿಲ್ಲ,
ಮರ್ಯಾದೆಗೆ ತಡೆಯುತ್ತದೆ.
ಅವಳಿಗೆ ಆ ಸಂದರ್ಭ ಬಂದಿಲ್ಲ, ಅಂದಿತು.

ಆಮೇಲೆ ಬಾಗಿಲಿನಿಂದ ಓಡಿಬಂದಳು ರೂನಾ.

ಒಂಬತ್ತು ವರ್ಷ. ಒಂಬತ್ತೇ.
ಮಾರ್ಚಿನ ಒಂದು ಬೆಳಗ್ಗೆ ಜೆಟ್ಟಿಯ ತುದಿಯಲ್ಲಿ
ಏಡಿ ನೋಡುತ್ತೇನೆ ಅಂತ ಬಗ್ಗಿದವಳು.
ನಾಲ್ಕು ದಿನ ಬಿಟ್ಟು ಸಮುದ್ರ
ಒಂದು ಹಳದಿ ಬೂಟು ವಾಪಸು ಕೊಟ್ಟಿತು.
ಗೋಡೆಯ ಮೇಲೆ, ಅವಳ ಕಾಲಲ್ಲಿ, ಎರಡೂ.

ಹಾಲ್ವರ್ ಅವಳ ಕೂದಲು ಕೆದರಿದ
ದಿನಾ ಕೆದರುವವನ ಹಾಗೆ.
ಬೆಚ್ಚಲಿಲ್ಲ. ಅಪ್ಪಿಕೊಂಡು ಗೋಳಾಡಲಿಲ್ಲ.
ಅವನ ಪಾಲಿಗೆ ಅವಳು ಹೋಗಿಯೇ ಇಲ್ಲ,
ಆ ಏಪ್ರನ್ನಿನವಳ ಪಾಲಿಗೂ.
ಮೂವತ್ತೊಂದು ವರ್ಷ
ಆಚೆ ತುದಿ ಅವನು, ಈಚೆ ತುದಿ ನಾನು ಹಿಡಿದು ಹೊತ್ತದ್ದನ್ನು
ಅವನ ಬೆರಳುಗಳಿಂದ ಮೆಲ್ಲಗೆ ಬಿಡಿಸಿದೆ.
ಭಾರವೆಲ್ಲ ಈ ಕಡೆ ವಾಲಿತು.

ಅಂದು ಹಗ್ಗ ಎಸೆದವರು, ದೋಣಿ ಇಳಿಸಿದವರು,
ರೊಟ್ಟಿ ತಂದಿಟ್ಟು ಮಾತಾಡದೆ ಹೋದ ಓಡ್ನಿ,
ಒಬ್ಬರಿಗೂ ಆ ಮಾರ್ಚ್ ಗೊತ್ತಿಲ್ಲ ಈಗ.
ನನ್ನ ಮಗಳ ಸಾವಿಗೆ
ನಾನೊಬ್ಬಳೇ ಮನೆ.
ನಾನೂ ಒಳಗೆ ಹೋದರೆ ಅದು ಎಲ್ಲಿ ಮಲಗಬೇಕು?

ಈಗಲೂ ವಾರಕ್ಕೊಮ್ಮೆ ಕೇಳುತ್ತದೆ, ಬೇಸರವಿಲ್ಲದೆ.
ಸೂರ್ಯ ಕಾಣದ ತಿಂಗಳಲ್ಲಿ ಎರಡು ಸಲ.
ಮಂಡಿನೋವು ವಿಚಾರಿಸುತ್ತದೆ,
ಬಾಗಿಲಲ್ಲಿ ಸೌದೆ ಒಟ್ಟಿಸಿರುತ್ತದೆ.
ದುಷ್ಟನಾಗಿದ್ದರೆ ಬೈದಾದರೂ ಹಗುರಾಗಬಹುದಿತ್ತು.
ನಾನು ಬಂದರೆ ಆ ಏಪ್ರನ್ನಿನವಳು? ಅಂದೆ ಒಮ್ಮೆ.
ನಿಮ್ಮಲ್ಲಿ ಸೇರಿಹೋಗುತ್ತಾಳೆ.
ಯಾರಲ್ಲಿ ಯಾರು?
ಈ ಸಲ ಮರ್ಯಾದೆಗೂ ತಡೆಯಲಿಲ್ಲ:
ನಿಮಗೆ ವ್ಯತ್ಯಾಸ ತಿಳಿಯುವುದಿಲ್ಲ.

ಇವತ್ತು ಮಧ್ಯಾಹ್ನಕ್ಕೇ ಕತ್ತಲು.
ದೀಪ ಹಚ್ಚಿ, ಬೂಟಿಗೆ ಗ್ಲಿಸರಿನ್ ಸವರಿದೆ
ರಬ್ಬರು ಬಿರಿಯದಿರಲೆಂದು.
ಒಳಗಡೆ ಅವಳೇ ಪೆನ್ನಿನಲ್ಲಿ ಬರೆದ 'ಎಡ'
ಮಾಸಿದೆ, ಓದಲಾಗುತ್ತದೆ.
ಕಿಟಕಿಯಲ್ಲಿಟ್ಟೆ.
ಬಲದ್ದು ಸಮುದ್ರದಲ್ಲಿದೆ.
ಅಲ್ಲೇ ಇರಲಿ.